ಸಾಂಕ್ರಾಮಿಕ ರೋಗ ಮತ್ತು ಸಣ್ಣ ವ್ಯಾಪಾರ: ಮುಚ್ಚಿದ ಬಾಗಿಲು ತೆರೆಯಿಸುವಲ್ಲಿ ನಗರಾಡಳಿತದ ಪಾತ್ರ

ರೋಗವು ಮನುಷ್ಯನ ದೇಹವನ್ನು ಪೀಡಿಸುವಂತೆಯೇ ಅವನ ಜೀವನೋಪಾಯವನ್ನೂ ಪೀಡಿಸುತ್ತದೆ. ಜ್ವರ ಬಂದವನಿಗೆ ವೈದ್ಯನಿದ್ದಾನೆ, ಔಷಧಿಯಿದೆ. ಜ್ವರ ಬಾರದಿದ್ದರೂ ಊರಿಗೆ ಬಂದ ರೋಗದ ದೆಸೆಯಿಂದ ಅಂಗಡಿಗೆ ಬೀಗ ಹಾಕಬೇಕಾಗಿ ಬಂದವನಿಗೆ ಯಾರಿದ್ದಾರೆ? ಆರೋಗ್ಯವನ್ನು ಕುರಿತ ಚರ್ಚೆಗಳಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಸ್ಥಾನ ದೊರೆಯುವುದಿಲ್ಲ. ಆದರೆ ಊಟವಿಲ್ಲದ ಮನೆಯಲ್ಲಿ ಆರೋಗ್ಯವೂ ಬಹುಕಾಲ ನಿಲ್ಲದು. ಆದುದರಿಂದ ಸಾಂಕ್ರಾಮಿಕ ರೋಗದ ಕಾಲದಲ್ಲಿ ಸಣ್ಣ ವ್ಯಾಪಾರಿ ಮತ್ತೆ ಬಾಗಿಲು ತೆರೆಯುವ ವಿಚಾರವನ್ನು ಆರೋಗ್ಯ ವಿಚಾರದ ಒಂದು ಭಾಗವೆಂದೇ ಪರಿಗಣಿಸುವುದು ಯುಕ್ತ.

ಈ ಕಾರ್ಯದಲ್ಲಿ ಕೇಂದ್ರ ಸರ್ಕಾರಕ್ಕೂ ರಾಜ್ಯ ಸರ್ಕಾರಕ್ಕೂ ಅವುಗಳದೇ ಆದ ಪಾತ್ರವಿದೆ. ಆದರೆ ವ್ಯಾಪಾರಿಗೆ ಅತ್ಯಂತ ಸಮೀಪದ ಸರ್ಕಾರವೆಂದರೆ ಅವನ ನಗರಪಾಲಿಕೆ. ಬೀದಿ ಅದರದು, ಮಾರುಕಟ್ಟೆ ಅದರದು, ಆರೋಗ್ಯಾಧಿಕಾರಿ ಅದರವರು, ಅಂಗಡಿಯ ದಾಖಲೆ ಬರೆದುಕೊಳ್ಳುವ ಪುಸ್ತಕವೂ ಅದರದೇ. ಇಂತಹ ಸ್ಥಳೀಯ ಸಂಸ್ಥೆ ಯಾವ ಯಾವ ರೀತಿಯಲ್ಲಿ ನೆರವಾಗಬಲ್ಲುದು, ಆ ನೆರವುಗಳಲ್ಲಿ ಮುಖ್ಯವಾದುದು ಯಾವುದು ಎಂಬುದನ್ನು 2020ರ ಕೋವಿಡ್ ಪಿಡುಗಿನ ಕಾಲದ ಅಹಮದಾಬಾದಿನ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೀಗ ಹಾಕಿದ ದಿನಗಳ ಲೆಕ್ಕ

ಮೊದಲು ಸಣ್ಣ ವ್ಯಾಪಾರಿಯ ಜಮಾ-ಖರ್ಚನ್ನು ಅರ್ಥ ಮಾಡಿಕೊಳ್ಳಬೇಕು. ಚಾಂದ್‌ಖೇಡಾದ ನ್ಯೂ ಸಿ.ಜಿ. ರಸ್ತೆಯ ಬದಿಯಲ್ಲಿ ಇಡ್ಲಿ-ಚಟ್ನಿ ಮಾರುವ ಒಂದು ತಳ್ಳುಗಾಡಿಯನ್ನು ಉದಾಹರಣೆಯಾಗಿ ಭಾವಿಸಬಹುದು. ಗುಜರಾತಿಯಲ್ಲಿ ಇದಕ್ಕೆ ‘ಲಾರಿ’ ಎನ್ನುತ್ತಾರೆ. ಹೊಸದಾಗಿ ಬಂದ ಕನ್ನಡಿಗರು ಈ ಶಬ್ದ ಕೇಳಿ ಬೆರಗಾಗುವುದುಂಟು. ದಿನದ ವಿಕ್ರಯ 2,000 ರೂಪಾಯಿ. ಅಕ್ಕಿ, ಉದ್ದಿನಬೇಳೆ, ತೆಂಗಿನಕಾಯಿ, ಎಣ್ಣೆ, ಗ್ಯಾಸ್ ಇವುಗಳಿಗೆ 1,100 ರೂಪಾಯಿ. ಸಹಾಯಕ ಹುಡುಗನ ಕೂಲಿ 300 ರೂಪಾಯಿ. ಉಳಿದ 600 ರೂಪಾಯಿಯಲ್ಲಿ ಮನೆಬಾಡಿಗೆ, ಮಕ್ಕಳ ಶಾಲೆ, ಊಟ, ಔಷಧಿ ಎಲ್ಲವೂ ನಡೆಯಬೇಕು. ಮೂರು ದಿನಗಳ ಸಾಮಾನು ಕೊಳ್ಳಲು ಬೇಕಾದ 3,300 ರೂಪಾಯಿ ಯಾವಾಗಲೂ ಕೈಯಲ್ಲಿ ತಿರುಗುತ್ತಿರುತ್ತದೆ. ವಾಣಿಜ್ಯಶಾಸ್ತ್ರದಲ್ಲಿ ಇದನ್ನೇ ದುಡಿಯುವ ಬಂಡವಾಳ ಎನ್ನುವರು.

ವ್ಯಾಪಾರ ನಿಂತ ಮರುದಿನದಿಂದ ಈ ಬಂಡವಾಳ ದುಡಿಯುವುದನ್ನು ನಿಲ್ಲಿಸಿ ಊಟಕ್ಕೆ ಕರಗಲಾರಂಭಿಸುತ್ತದೆ. ದಿನಕ್ಕೆ 600 ರೂಪಾಯಿಯಂತೆ ಆ 3,300 ರೂಪಾಯಿ ಆರನೆಯ ದಿನ ಮುಗಿದುಹೋಗುತ್ತದೆ. ದೇಶವ್ಯಾಪಿ ಲಾಕ್‌ಡೌನ್ ಆರಂಭವಾದುದು 2020ರ ಮಾರ್ಚ್ 25ರಂದು. ಹೋಟೆಲುಗಳಲ್ಲಿ ಕುಳಿತು ತಿನ್ನಲು ಅನುಮತಿ ದೊರೆತುದು ಜೂನ್ 8ರಂದು. ನಡುವೆ 75 ದಿನಗಳು. ಮನೆಯ ಖರ್ಚೊಂದೇ 45,000 ರೂಪಾಯಿ. ಅಷ್ಟು ಉಳಿತಾಯ ಎಷ್ಟು ಮಂದಿ ತಳ್ಳುಗಾಡಿಯವರ ಬಳಿ ಇದ್ದೀತು?

ಈ ಲೆಕ್ಕದಿಂದ ಒಂದು ಸತ್ಯ ಸ್ಪಷ್ಟವಾಗುತ್ತದೆ. ಸರ್ಕಾರ ‘ಇಂದಿನಿಂದ ಅಂಗಡಿ ತೆರೆಯಬಹುದು’ ಎಂದು ಆಜ್ಞೆ ಹೊರಡಿಸಿದ ಮಾತ್ರಕ್ಕೆ ಅಂಗಡಿ ತೆರೆಯುವುದಿಲ್ಲ. ಅನುಮತಿ ಬಂದ ದಿನ ವ್ಯಾಪಾರಿಯ ಕೈ ಬರಿದಾಗಿರುತ್ತದೆ. ಗಿರಾಕಿಯ ಮನಸ್ಸಿನಲ್ಲಿ ಭಯವಿರುತ್ತದೆ. ಬಾಡಿಗೆಯ ಬಾಕಿ ಬೆಳೆದಿರುತ್ತದೆ. ಸಹಾಯಕ ಹುಡುಗ ಊರಿಗೆ ಹೋಗಿರುತ್ತಾನೆ. ಮತ್ತೆ ತೆರೆಯುವುದೆಂದರೆ ಈ ನಾಲ್ಕು ತೊಡಕುಗಳನ್ನು ದಾಟುವುದು.

ಅಹಮದಾಬಾದ್ ನಗರದ ಅನುಭವ

2020ರ ಮಾರ್ಚ್ ತಿಂಗಳ ಉತ್ತರಾರ್ಧದಲ್ಲಿ ಅಹಮದಾಬಾದಿನಲ್ಲಿ ಕೋವಿಡ್ ಮೊದಲು ಕಾಣಿಸಿಕೊಂಡಿತು. ಏಪ್ರಿಲ್ ಕೊನೆಯ ವೇಳೆಗೆ ಈ ನಗರವು ದೇಶದಲ್ಲಿ ಅತಿ ಹೆಚ್ಚು ಪೀಡಿತವಾದ ನಗರಗಳಲ್ಲಿ ಒಂದಾಗಿತ್ತು. ಲಾಕ್‌ಡೌನ್ ಕಾಲದಲ್ಲಿಯೂ ಜನರ ನಡುವೆ ಓಡಾಡುತ್ತಿದ್ದವರು ತರಕಾರಿ, ದಿನಸಿ, ಹಾಲು ಮಾರುವವರು. ಅವರಲ್ಲಿ ಒಬ್ಬನಿಗೆ ಸೋಂಕು ತಗುಲಿದರೆ ಹತ್ತಾರು ಮನೆಗಳಿಗೆ ಹರಡುವ ಸಂಭವವಿದ್ದುದರಿಂದ ಮಹಾನಗರಪಾಲಿಕೆ ಅವರನ್ನು ಹುಡುಕಿ ಪರೀಕ್ಷಿಸಲು ತೊಡಗಿತು. ‘ಸೂಪರ್ ಸ್ಪ್ರೆಡರ್’ ಎಂಬ ಶಬ್ದ ಆಗ ಪತ್ರಿಕೆಗಳಲ್ಲಿ ಪ್ರತಿದಿನವೂ ಕಾಣತೊಡಗಿತು.

ಮೇ 7ರಿಂದ ಸುಮಾರು ಒಂದು ವಾರ ಕಾಲ ಹಾಲು ಮತ್ತು ಔಷಧಿ ಅಂಗಡಿಗಳ ಹೊರತು ನಗರದ ಸಮಸ್ತ ಅಂಗಡಿಗಳನ್ನೂ ಮುಚ್ಚಲಾಯಿತು. ಆ ಅವಧಿಯಲ್ಲಿ ಸಾವಿರಾರು ವ್ಯಾಪಾರಿಗಳ ತಪಾಸಣೆ ನಡೆದು ಸುಮಾರು 700 ಮಂದಿಯಲ್ಲಿ ಸೋಂಕು ಪತ್ತೆಯಾಯಿತು. ಮೇ 15ರಿಂದ ತರಕಾರಿ ಹಾಗೂ ದಿನಸಿ ಅಂಗಡಿಗಳು ನಿಬಂಧನೆಗಳೊಡನೆ ತೆರೆದವು. ವ್ಯಾಪಾರಿಯ ಬಳಿ ಆರೋಗ್ಯ ತಪಾಸಣೆಯ ಪತ್ರವಿರಬೇಕು. ಮನೆಗೆ ಸಾಮಾನು ತಲುಪಿಸುವವರು ನಗದು ಹಣ ಪಡೆಯಬಾರದು ಎಂಬುವು ಅವುಗಳಲ್ಲಿ ಮುಖ್ಯವಾದುವು. ಮೇ 19ರಿಂದ ಸಾಬರಮತಿ ನದಿಯ ಪಶ್ಚಿಮ ಭಾಗದಲ್ಲಿ, ಕಂಟೈನ್‌ಮೆಂಟ್ ವಲಯಗಳ ಹೊರಗೆ, ಇತರ ಅಂಗಡಿಗಳೂ ಸಮ-ಬೆಸ ಸಂಖ್ಯೆಯ ಕ್ರಮದಲ್ಲಿ ತೆರೆದವು. ಪಶ್ಚಿಮ ದಂಡೆಯ ಚಾಂದ್‌ಖೇಡಾ, ಮೋಟೇರಾ, ಸಾಬರಮತಿ ನಿವಾಸಿಗಳಿಗೆ ಆ ದಿನಗಳ ನೆನಪು ಇನ್ನೂ ಇರಬೇಕು. ಕೋಟೆಯೊಳಗಿನ ಹಳೆಯ ನಗರದ ವ್ಯಾಪಾರಿಗಳು ಇನ್ನೂ ಕಾಯಬೇಕಾಯಿತು. ಜೂನ್ 1ರಿಂದ ಸಮ-ಬೆಸ ಪದ್ಧತಿ ರದ್ದಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ದೀಪಾವಳಿಯ ಮಾರಾಟದ ಜನಸಂದಣಿಯ ಅನಂತರ ರೋಗ ಮತ್ತೆ ಏರಿತು. ನವೆಂಬರ್ 20ರ ರಾತ್ರಿಯಿಂದ 23ರ ಬೆಳಗಿನವರೆಗೆ ನಗರದಲ್ಲಿ 57 ತಾಸುಗಳ ಕರ್ಫ್ಯೂ ವಿಧಿಸಲಾಯಿತು. ಅನಂತರ ರಾತ್ರಿ ಕರ್ಫ್ಯೂ ಬಂದಿತು. ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು ಎಂಬ ಈ ಏರಿಳಿತವೇ ಸಣ್ಣ ವ್ಯಾಪಾರಿಯನ್ನು ಹೆಚ್ಚು ದಣಿಸಿತು. ಈ ಅನುಭವದಿಂದ ನಗರಾಡಳಿತದ ನೆರವನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯ ನೆರವು: ಆರೋಗ್ಯದ ಭರವಸೆ

ಗಿರಾಕಿಯ ಭಯ ಹೋಗದೆ ವ್ಯಾಪಾರ ಬಾರದು. ಈ ಭಯವನ್ನು ಕಳೆಯುವ ಶಕ್ತಿ ವ್ಯಾಪಾರಿಗಿಲ್ಲ; ಪರೀಕ್ಷೆ ಮಾಡಿ ‘ಇವನು ಆರೋಗ್ಯವಂತ’ ಎಂದು ಹೇಳಬಲ್ಲ ಅಧಿಕಾರ ಪಾಲಿಕೆಯ ಆರೋಗ್ಯ ಇಲಾಖೆಗೆ ಇದೆ. ತಪಾಸಣೆಯ ಪತ್ರದ ಹಿಂದಿನ ತತ್ವ ಇದೇ. 2020ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ಧನ್ವಂತರಿ ರಥಗಳು, ಅಂದರೆ ವೈದ್ಯರೊಡನೆ ಬಡಾವಣೆಗಳಿಗೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳು, ಇದೇ ಬಗೆಯ ಭರವಸೆಯನ್ನು ಮನೆಬಾಗಿಲಿಗೆ ತಂದವು.

ಆದರೆ ಪರೀಕ್ಷೆಯು ಸೇವೆಯಾಗಿ ತೋರಬೇಕೇ ಹೊರತು ದಂಡನೆಯಾಗಿ ತೋರಬಾರದು. ರೋಗ ಹರಡುವವನೆಂಬ ಹಣೆಪಟ್ಟಿ ಅಂಟಿದರೆ, ಸೋಂಕಿರುವ ವ್ಯಾಪಾರಿ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತಾನೆ. ಸೋಂಕು ಕಂಡುಬಂದರೆ ಎರಡು ವಾರಗಳ ಗಳಿಕೆ ಹೋಗುತ್ತದೆ ಎಂದು ತಿಳಿದವನು ಸ್ವಇಚ್ಛೆಯಿಂದ ಮುಂದೆ ಬರಲಾರ. ಆದುದರಿಂದ ಪರೀಕ್ಷೆಯೊಡನೆ ಆ ಎರಡು ವಾರಗಳ ದಿನಸಿಯನ್ನಾದರೂ ಒದಗಿಸುವ ಏರ್ಪಾಡಿದ್ದರೆ ಪರೀಕ್ಷೆ ಸಫಲವಾಗುತ್ತದೆ.

ನಿಯಮಗಳು ಹೊಸ ತಿಳುವಳಿಕೆಯೊಡನೆ ಬದಲಾಗುವುದೂ ಅವಶ್ಯ. ಮೊದಲ ತಿಂಗಳುಗಳಲ್ಲಿ ನೋಟು, ನಾಣ್ಯ, ತರಕಾರಿಗಳ ಮೇಲ್ಮೈಯಿಂದ ರೋಗ ಹರಡುವುದೆಂಬ ಭಯ ವಿಪರೀತವಾಗಿತ್ತು. ಅನಂತರದ ಸಂಶೋಧನೆಗಳಿಂದ ಈ ವೈರಾಣು ಮುಖ್ಯವಾಗಿ ಉಸಿರಿನ ಮೂಲಕ, ವಿಶೇಷವಾಗಿ ಗಾಳಿಯಾಡದ ಮುಚ್ಚಿದ ಸ್ಥಳಗಳಲ್ಲಿ ಹರಡುತ್ತದೆಂದೂ, ವಸ್ತುಗಳ ಮೇಲ್ಮೈಯಿಂದ ಹರಡುವ ಅಪಾಯ ಕಡಿಮೆಯೆಂದೂ ತಿಳಿದುಬಂತು. ಈ ಲೆಕ್ಕದಲ್ಲಿ ಬಯಲಿನಲ್ಲಿ ನಿಂತ ತಳ್ಳುಗಾಡಿಯು ಕಿಟಕಿಯಿಲ್ಲದ ಹವಾನಿಯಂತ್ರಿತ ಮಳಿಗೆಗಿಂತ ಸುರಕ್ಷಿತ. ಆದರೂ ಅನೇಕ ಊರುಗಳಲ್ಲಿ ಮೊದಲು ಎತ್ತಂಗಡಿಯಾದುದು ತಳ್ಳುಗಾಡಿಯೇ.

ಎರಡನೆಯ ನೆರವು: ಸ್ಥಳಾವಕಾಶ

ಅಂತರ ಕಾಯ್ದುಕೊಳ್ಳಬೇಕೆಂದು ಹೇಳುವುದು ಸುಲಭ. ಆರು ಅಡಿ ಅಗಲದ ಅಂಗಡಿಯವನು ಅಂತರವನ್ನು ಎಲ್ಲಿಂದ ತರಬೇಕು? ಸ್ಥಳ ಕೊಡಬಲ್ಲವರು ಬೀದಿಯ ಒಡೆತನವಿರುವ ಪೌರಾಡಳಿತದವರು. ಲಿಥುವೇನಿಯಾ ದೇಶದ ರಾಜಧಾನಿ ವಿಲ್ನಿಯಸ್ ನಗರವು 2020ರ ಏಪ್ರಿಲ್‌ನಲ್ಲಿಯೇ ತನ್ನ ಚೌಕಗಳನ್ನೂ ಬೀದಿಗಳನ್ನೂ ಹೋಟೆಲಿನವರಿಗೆ ಮೇಜು ಹಾಕಲು ಉಚಿತವಾಗಿ ಬಿಟ್ಟುಕೊಟ್ಟಿತು. ಅದೇ ವರ್ಷದ ಜೂನ್‌ನಲ್ಲಿ ನ್ಯೂಯಾರ್ಕ್ ನಗರವು ವಾಹನ ನಿಲ್ಲಿಸುವ ರಸ್ತೆಬದಿಯನ್ನು ಉಪಾಹಾರ ಗೃಹಗಳಿಗೆ ನೀಡಿತು. ಹಣ ವೆಚ್ಚವಾಗದ ನೆರವೆಂದರೆ ಇದು.

ಅಹಮದಾಬಾದಿನಲ್ಲಿಯೂ ಈ ದಿಕ್ಕಿನ ಪ್ರಯತ್ನಗಳು ನಡೆದವು. ಜಮಾಲ್‌ಪುರದ ಇಕ್ಕಟ್ಟಾದ ಸಗಟು ತರಕಾರಿ ಮಾರುಕಟ್ಟೆಯ ವ್ಯವಹಾರವನ್ನು ನಗರದ ಹೊರಗಿನ ಜೇತಲ್‌ಪುರಕ್ಕೆ ಸ್ಥಳಾಂತರಿಸಲಾಯಿತು. ಮಹಾನಗರಪಾಲಿಕೆಯೂ ಮಹಿಳಾ ಕಾರ್ಮಿಕರ ‘ಸೇವಾ’ ಸಂಘವೂ ಕೂಡಿ ಇ-ರಿಕ್ಷಾಗಳಲ್ಲಿ ತರಕಾರಿಯನ್ನು ಬಡಾವಣೆಗಳಿಗೆ ಒಯ್ದು ಮಾರುವ ವ್ಯವಸ್ಥೆ ಮಾಡಿದವು. ಗಿರಾಕಿಗಳು ಒಂದೆಡೆ ಗುಂಪುಗೂಡುವ ಬದಲು ವ್ಯಾಪಾರವೇ ಗಿರಾಕಿಗಳ ಬಳಿಗೆ ಹೋಯಿತು.

ರೋಗಕಾಲದಲ್ಲಿ ಊರಿಗೆ ಸ್ಥಳಾವಕಾಶ ಕಲ್ಪಿಸುವ ಈ ತತ್ವ ಕನ್ನಡಿಗರಿಗೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟು ಬೀದಿಗಳೇ ರೋಗದ ತೌರಾಗಿದ್ದವು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದುದು ಆ ಪ್ಲೇಗಿನ ಅನಂತರ. ಇಂದು ಅಲ್ಲಿನ ಅಗಲ ರಸ್ತೆಗಳಲ್ಲಿ ತಿರುಗಾಡುವವರು ಅವುಗಳ ಹಿಂದೆ ಒಂದು ಸಾಂಕ್ರಾಮಿಕದ ಪಾಠವಿದೆಯೆಂಬುದನ್ನು ಮರೆತಿರಬಹುದು.

ಸಮಯವೂ ಒಂದು ಬಗೆಯ ಸ್ಥಳವೇ. ಅಂಗಡಿಯ ವೇಳೆಯನ್ನು ಕಡಿತಗೊಳಿಸಿದರೆ ಅಷ್ಟೇ ಗಿರಾಕಿಗಳು ಕಡಿಮೆ ತಾಸುಗಳಲ್ಲಿ ಬಂದು ನೂಕುನುಗ್ಗಲಾಗುವುದು. ಸುರಕ್ಷತೆಯ ದೃಷ್ಟಿಯಿಂದ ವೇಳೆಯನ್ನು ಹಿಗ್ಗಿಸಿ ಜನರನ್ನು ಹಂಚುವುದು ಹಲವು ಸಂದರ್ಭಗಳಲ್ಲಿ ಮೇಲು.

ಮೂರನೆಯ ನೆರವು: ಹೊರೆಯನ್ನು ಇಳಿಸುವುದು

ಮಳಿಗೆಯ ಬಾಡಿಗೆ, ಆಸ್ತಿ ತೆರಿಗೆ, ಪರವಾನಗಿ ಶುಲ್ಕ ಇವು ಸ್ಥಿರ ವೆಚ್ಚಗಳು. ವಿಕ್ರಯ ಶೂನ್ಯವಾದರೂ ಇವು ಶೂನ್ಯವಾಗುವುದಿಲ್ಲ. 2020ರ ಜೂನ್‌ನಲ್ಲಿ ಗುಜರಾತ್ ಸರ್ಕಾರ ಘೋಷಿಸಿದ ಆತ್ಮನಿರ್ಭರ ಪ್ಯಾಕೇಜಿನಲ್ಲಿ, ಗೊತ್ತುಪಡಿಸಿದ ದಿನದೊಳಗೆ ಪಾವತಿ ಮಾಡಿದವರಿಗೆ 2020-21ರ ಸಾಲಿನ ವಾಣಿಜ್ಯ ಕಟ್ಟಡಗಳ ಆಸ್ತಿ ತೆರಿಗೆಯಲ್ಲಿ ಶೇಕಡಾ 20ರಷ್ಟು ರಿಯಾಯಿತಿ ದೊರೆಯಿತು. ಇದು ಸ್ವಾಗತಾರ್ಹವೇ. ಆದರೆ ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ತೆರಿಗೆ ಕಟ್ಟುವವನು ಕಟ್ಟಡದ ಮಾಲೀಕ. ಸಣ್ಣ ವ್ಯಾಪಾರಿ ಬಹುತೇಕ ಬಾಡಿಗೆದಾರ. ರಿಯಾಯಿತಿಯ ಲಾಭ ಮಾಲೀಕನಲ್ಲಿಯೇ ಉಳಿಯಬಹುದು. ಪಾಲಿಕೆಯ ಸ್ವಂತ ಮಳಿಗೆಗಳ ಬಾಡಿಗೆಯನ್ನು ಮುಂದೂಡುವುದರಿಂದಲಾದರೋ ನೆರವು ನೇರವಾಗಿ ವ್ಯಾಪಾರಿಗೆ ತಲುಪುತ್ತದೆ. ಎರಡನೆಯದಾಗಿ, ಆಸ್ತಿ ತೆರಿಗೆಯೇ ಪೌರಾಡಳಿತದ ಆದಾಯದ ಒಂದು ಮುಖ್ಯ ಮೂಲ. ಆಸ್ಪತ್ರೆ, ನೈರ್ಮಲ್ಯಗಳ ವೆಚ್ಚ ಏರಿರುವ ವರ್ಷದಲ್ಲಿಯೇ ಆದಾಯವನ್ನು ಬಿಟ್ಟುಕೊಟ್ಟರೆ ಅದರ ಬೊಕ್ಕಸ ಬರಿದಾಗುತ್ತದೆ. ಆದುದರಿಂದ ಹೊರೆ ಇಳಿಸುವ ನೆರವಿಗೆ ಮಿತಿಯುಂಟು. ಮೇಲಿನ ಸರ್ಕಾರಗಳು ನಷ್ಟ ತುಂಬಿಕೊಟ್ಟರೆ ಮಾತ್ರ ಅದು ಬಹುಕಾಲ ನಡೆಯಬಲ್ಲುದು.

ನಾಲ್ಕನೆಯ ನೆರವು: ದಾಖಲೆ

ಮೇಲಿನ ಮೂರು ನೆರವುಗಳು ಕಣ್ಣಿಗೆ ಕಾಣುವಂಥವು. ನಾಲ್ಕನೆಯದು ಸದ್ದಿಲ್ಲದ್ದು, ಆದರೆ ಎಲ್ಲಕ್ಕಿಂತ ಮಿಗಿಲಾದುದು. ಅದು ವ್ಯಾಪಾರಿಯ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು, ‘ಈತ ಇಲ್ಲಿ ವ್ಯಾಪಾರ ಮಾಡುತ್ತಿದ್ದಾನೆ’ ಎಂದು ಸಾಕ್ಷಿ ನುಡಿಯುವುದು.

ಬ್ಯಾಂಕಿನ ವ್ಯವಹಾರವನ್ನು ಬಲ್ಲವರಿಗೆ ಇದರ ಮಹತ್ವ ತಿಳಿಯುತ್ತದೆ. ಸಾಲದ ಅರ್ಜಿ ಬಂದಾಗ ಬ್ಯಾಂಕು ಕೇಳುವ ಮೊದಲ ಪ್ರಶ್ನೆಗಳು ಮೂರು: ಇವನು ಯಾರು? ಏನು ವ್ಯಾಪಾರ ಮಾಡುತ್ತಾನೆ? ಎಲ್ಲಿ, ಎಷ್ಟು ಕಾಲದಿಂದ? ಮೊದಲ ಪ್ರಶ್ನೆಗೆ ಆಧಾರ್ ಕಾರ್ಡು ಉತ್ತರಿಸುತ್ತದೆ. ಉಳಿದೆರಡಕ್ಕೆ ಉತ್ತರಿಸುವ ಕಾಗದಗಳು ಬಹುಮಟ್ಟಿಗೆ ನಗರಪಾಲಿಕೆಯಿಂದ ಬರುವಂಥವು. ಗುಜರಾತಿನಲ್ಲಿ ‘ಗುಮಾಸ್ತಾ ಧಾರಾ’ ಎಂದು ಜನ ಕರೆಯುವ ಅಂಗಡಿ ನೋಂದಣಿ, ವೃತ್ತಿ ತೆರಿಗೆಯ ರಸೀದಿ, ಆಸ್ತಿ ತೆರಿಗೆಯ ಬಿಲ್ಲು ಇವು ಅಂಗಡಿಯವನ ಗುರುತುಗಳು. ಬೀದಿಯಲ್ಲಿ ನಿಲ್ಲುವವನಿಗೆ, ನೆಲದ ಮೇಲೆ ಬಟ್ಟೆ ಹಾಸಿ ಮಾರುವ ‘ಪಾಥರಣಾ’ದವಳಿಗೆ, ಇವು ಯಾವುವೂ ಇಲ್ಲ.

2020ರಲ್ಲಿ ಘೋಷಿತವಾದ ಎರಡು ಯೋಜನೆಗಳನ್ನು ಹೋಲಿಸಿದರೆ ಈ ಅಂಶ ನಿಚ್ಚಳವಾಗುತ್ತದೆ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ತುರ್ತು ಸಾಲ ಖಾತರಿ ಯೋಜನೆಯನ್ನು ಪ್ರಕಟಿಸಿತು. 2020ರ ಫೆಬ್ರವರಿ 29ರಂದು ಬ್ಯಾಂಕಿಗೆ ಬಾಕಿಯಿದ್ದ ಸಾಲದ ಶೇಕಡಾ 20ರಷ್ಟು ಹೆಚ್ಚುವರಿ ಸಾಲ, ಸರ್ಕಾರದ ಖಾತರಿಯೊಡನೆ. ಯೋಜನೆ ಉತ್ತಮವಾದುದೇ. ಆದರೆ ಅಂದು ಸಾಲವೇ ಇರದಿದ್ದವನಿಗೆ ಶೂನ್ಯದ ಶೇಕಡಾ 20 ಎಂದರೆ ಶೂನ್ಯವೇ. ಬ್ಯಾಂಕಿನ ಬಾಗಿಲು ಎಂದೂ ತುಳಿಯದವನು ಈ ಬಾಗಿಲಿನಿಂದಲೂ ಹೊರಗುಳಿದ.

ಜೂನ್ 1ರಂದು ಪ್ರಕಟವಾದ ಪಿ.ಎಂ. ಸ್ವನಿಧಿ ಯೋಜನೆ ಬೀದಿ ವ್ಯಾಪಾರಿಗಳಿಗೆಂದೇ ರೂಪಿತವಾದುದು. ಅಡಮಾನವಿಲ್ಲದೆ 10,000 ರೂಪಾಯಿಯವರೆಗೆ ದುಡಿಯುವ ಬಂಡವಾಳ, ಒಂದು ವರ್ಷದ ಮಾಸಿಕ ಕಂತುಗಳು, ಸಕಾಲದಲ್ಲಿ ತೀರಿಸಿದವರಿಗೆ ಶೇಕಡಾ 7ರ ಬಡ್ಡಿ ಸಹಾಯಧನ. ಉದಾಹರಣೆಗೆ ಬಡ್ಡಿಯ ದರ ಶೇಕಡಾ 12 ಎಂದು ಭಾವಿಸಿದರೆ, ತಿಂಗಳ ಕಂತು ಸುಮಾರು 888 ರೂಪಾಯಿ. ವರ್ಷದ ಒಟ್ಟು ಬಡ್ಡಿ ಸುಮಾರು 662 ರೂಪಾಯಿ. ಸಹಾಯಧನ ಕಳೆದರೆ ವ್ಯಾಪಾರಿಯ ಮೇಲೆ ಬೀಳುವುದು ಸುಮಾರು 276 ರೂಪಾಯಿ ಮಾತ್ರ. ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1,000 ರೂಪಾಯಿ ಹಿಂತಿರುಗಿಸುವ ಮೀಟರ್ ಬಡ್ಡಿಯ ಸಾಲದಲ್ಲಾದರೆ ಮೂರು ದಿನಗಳಲ್ಲಿಯೇ 300 ರೂಪಾಯಿ ಹೋಗುತ್ತದೆ. ಇಡ್ಲಿಯ ಗಾಡಿಯ ಲೆಕ್ಕಕ್ಕೆ ಹಿಂತಿರುಗಿದರೆ, ಕರಗಿಹೋದ 3,300 ರೂಪಾಯಿಯ ಸಾಮಾನು, ಗ್ಯಾಸ್, ಗಾಡಿಯ ದುರಸ್ತಿ, ಒಂದಿಷ್ಟು ಬಾಡಿಗೆಯ ಬಾಕಿ ಎಲ್ಲಕ್ಕೂ ಆ 10,000 ಹೊಸ ಉಸಿರಾಗಬಲ್ಲುದು.

ಆದರೆ ಈ ಸಾಲಕ್ಕೆ ಅರ್ಹರು ಯಾರು? 2020ರ ಮಾರ್ಚ್ 24ರಂದು ಅಥವಾ ಅದಕ್ಕೂ ಮೊದಲು ಬೀದಿ ವ್ಯಾಪಾರ ಮಾಡುತ್ತಿದ್ದವರನ್ನು ಯೋಜನೆ ನಾಲ್ಕು ವರ್ಗಗಳಾಗಿ ವಿಂಗಡಿಸಿತು: (1) ನಗರ ಸಂಸ್ಥೆಯ ವ್ಯಾಪಾರ ಪ್ರಮಾಣಪತ್ರ ಅಥವಾ ಗುರುತಿನ ಚೀಟಿ ಇದ್ದವರು, (2) ಸಮೀಕ್ಷೆಯಲ್ಲಿ ಹೆಸರಿದ್ದೂ ಪ್ರಮಾಣಪತ್ರ ದೊರೆಯದವರು, (3) ಸಮೀಕ್ಷೆಯಲ್ಲಿ ಬಿಟ್ಟುಹೋಗಿದ್ದರೂ ನಗರ ಸಂಸ್ಥೆಯ ಶಿಫಾರಸು ಪತ್ರ ಪಡೆದವರು, (4) ಸುತ್ತಲಿನ ಗ್ರಾಮಗಳಿಂದ ಬಂದು ನಗರದ ಎಲ್ಲೆಯೊಳಗೆ ಮಾರುವವರಲ್ಲಿ ಅಂತಹ ಶಿಫಾರಸು ಪತ್ರ ಪಡೆದವರು. ನಾಲ್ಕು ವರ್ಗಗಳಲ್ಲಿಯೂ ಸಾಕ್ಷಿ ಸ್ಥಳೀಯ ಸಂಸ್ಥೆಯದೇ ಎಂಬುದು ಗಮನಾರ್ಹ. ಹಣ ಕೇಂದ್ರದ ಯೋಜನೆಯಿಂದ ಬರಬಹುದು, ಕೊಡುವುದು ಬ್ಯಾಂಕಾಗಿರಬಹುದು. ಬೀಗದ ಕೈ ಮಾತ್ರ ನಗರಪಾಲಿಕೆಯ ಗುಮಾಸ್ತನ ಮೇಜಿನ ಮೇಲಿದೆ. ಊರೂರು ತಿರುಗಿ ಜೀವಿಸುವವನಿಗೆ, ಭಾಷೆ ಬಾರದ ವಲಸಿಗನಿಗೆ, ಗಂಡನ ಹೆಸರಿನಲ್ಲಿ ಗಾಡಿಯಿರುವ ಹೆಂಗಸಿಗೆ ಆ ಮೇಜು ಬಲು ದೂರ.

ಈ ದಾಖಲೆಯ ಕಾರ್ಯ ಸಾಂಕ್ರಾಮಿಕದ ಬಹು ಮುಂಚೆಯೇ ಆಗಬೇಕಿತ್ತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಕನಿಷ್ಠ ಐದು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಹಂಚುವವರೆಗೆ ಯಾರನ್ನೂ ಎಬ್ಬಿಸಬಾರದು. ನಗರ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಾಗಿರಬೇಕು. ಈ ಕಾಯಿದೆಯ ಹಿಂದಿನ ಹೋರಾಟದ ಬೇರುಗಳು ಅಹಮದಾಬಾದಿನಲ್ಲಿಯೇ ಇವೆ. ಇಳಾ ಭಟ್ಟ ಅವರು 1972ರಲ್ಲಿ ‘ಸೇವಾ’ ಸಂಘವನ್ನು ಸ್ಥಾಪಿಸಿದರು; 1974ರಲ್ಲಿ ಅದರ ಸಹಕಾರಿ ಬ್ಯಾಂಕು ಆರಂಭವಾಯಿತು. ಮಾಣೆಕ್ ಚೌಕದಲ್ಲಿ ತರಕಾರಿ ಮಾರುವ ಹೆಂಗಸರು ಕುಳಿತುಕೊಳ್ಳುವ ತಮ್ಮ ಹಕ್ಕಿಗಾಗಿ 1980ರ ದಶಕದಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. ಅವರು ಅಂದು ಕೇಳಿದುದು ದಾನವನ್ನಲ್ಲ, ತಮ್ಮ ಇರವಿಗೆ ಒಂದು ಕಾಗದದ ಮನ್ನಣೆಯನ್ನು.

ಕರ್ನಾಟಕದಲ್ಲಿ 2018ರ ನವೆಂಬರ್‌ನಲ್ಲಿ ಆರಂಭವಾದ ‘ಬಡವರ ಬಂಧು’ ಯೋಜನೆಯೂ ಬೀದಿ ವ್ಯಾಪಾರಿಗಳಿಗೆ 2,000ದಿಂದ 10,000 ರೂಪಾಯಿಯವರೆಗೆ ಬಡ್ಡಿಯಿಲ್ಲದ ಸಾಲವನ್ನು ಸಹಕಾರಿ ಬ್ಯಾಂಕುಗಳ ಮೂಲಕ ನೀಡುವ ಉದ್ದೇಶದಿಂದ ಹುಟ್ಟಿತು. 2020ರ ಮೇ ತಿಂಗಳಲ್ಲಿ ಆ ರಾಜ್ಯವು ಕ್ಷೌರಿಕರಿಗೂ ಅಗಸರಿಗೂ ತಲಾ 5,000 ರೂಪಾಯಿಗಳ ಒಂದಾವರ್ತಿ ಪರಿಹಾರ ಘೋಷಿಸಿತು. ಇಂತಹ ಯಾವ ಪರಿಹಾರಕ್ಕೂ ಮೊದಲು ಏಳುವ ಪ್ರಶ್ನೆ ಒಂದೇ: ಈ ವೃತ್ತಿಯವನೆಂಬುದಕ್ಕೆ ಪುರಾವೆಯೇನು?

ಸೂರತ್ ನಗರದ ಪಾಠ

ದಾಖಲೆ ಬರೆಯುವುದಾಗಲಿ, ಆರೋಗ್ಯ ತಪಾಸಣೆಯಾಗಲಿ, ಅಧಿಕಾರಿಗಳು ಕಚೇರಿಯಿಂದ ಹೊರಬಂದರೆ ಮಾತ್ರ ಸಾಧ್ಯ. ಇದಕ್ಕೆ ಗುಜರಾತಿನಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್ ನಗರದಲ್ಲಿ ಪ್ಲೇಗಿನ ಹಾವಳಿ ಕಾಣಿಸಿಕೊಂಡಾಗ ಲಕ್ಷಾಂತರ ಜನ ಊರು ಬಿಟ್ಟರು. ಜವಳಿ ಮತ್ತು ವಜ್ರದ ಕಸುಬುಗಳು ಸ್ತಬ್ಧವಾದವು. 1995ರ ಮೇ ತಿಂಗಳಲ್ಲಿ ಮಹಾನಗರಪಾಲಿಕೆಯ ಕಮಿಷನರಾಗಿ ಬಂದ ಎಸ್.ಆರ್. ರಾವ್ ಅವರು ನಗರವನ್ನು ಆರು ವಲಯಗಳಾಗಿ ವಿಂಗಡಿಸಿ, ವಲಯಾಧಿಕಾರಿಗಳಿಗೆ ತಮ್ಮ ಅಧಿಕಾರವನ್ನು ಹಂಚಿದರು. ಅಧಿಕಾರಿಗಳು ಪ್ರತಿದಿನ ಬೀದಿಗಿಳಿದು ಪರಿಶೀಲಿಸುವ ಪದ್ಧತಿಯನ್ನು ತಂದರು. ಉಪಾಹಾರ ಗೃಹಗಳ ನೈರ್ಮಲ್ಯದ ನಿಯಮಗಳು ಕಟ್ಟುನಿಟ್ಟಾದವು. ಬೀದಿಯಲ್ಲಿ ಕಸ ಚೆಲ್ಲಿದವರಿಗೆ ದಂಡ ಬಿದ್ದಿತು. ಕೊಳಕಿಗೆ ಹೆಸರಾಗಿದ್ದ ಆ ಊರು ಎರಡು ವರ್ಷಗಳೊಳಗೆ ಚಂಡೀಗಢದ ಅನಂತರ ದೇಶದ ಎರಡನೆಯ ಸ್ವಚ್ಛ ನಗರವೆಂದು ‘ಇಂಟ್ಯಾಕ್’ ಸಂಸ್ಥೆಯ ಮನ್ನಣೆ ಪಡೆಯಿತು.

ವ್ಯಾಪಾರದ ದೃಷ್ಟಿಯಿಂದ ಇದರ ಅರ್ಥವಿಷ್ಟೆ: ಊರಿನ ಮೇಲೆ ಜನರಿಗೆ ನಂಬಿಕೆ ಮರಳಿತು, ಅದರ ಹಿಂದೆ ವ್ಯಾಪಾರವೂ ಮರಳಿತು. ಚೊಕ್ಕಟವಾದ ಬೀದಿಯೇ ಸಣ್ಣ ವ್ಯಾಪಾರಿಗೆ ದೊರೆಯುವ ದೊಡ್ಡ ಜಾಹೀರಾತು.

ಮುಂದಿನ ಕಾಲಕ್ಕೆ ಸಿದ್ಧತೆ

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್ ಸಂಬಂಧದ ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ಪ್ರಕಟಿಸಿತು. ಆದರೆ ಮತ್ತೊಂದು ಸಾಂಕ್ರಾಮಿಕ ಬಾರದೆಂದು ಹೇಳುವವರು ಯಾರೂ ಇಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟಂತೆ ಆಗಬಾರದಾದರೆ ಆರೋಗ್ಯಕರವಾದ ಈ ದಿನಗಳಲ್ಲಿಯೇ ನಗರಾಡಳಿತಗಳು ಈ ಕೆಳಗಿನ ಕಾರ್ಯಗಳನ್ನು ಕೈಗೊಳ್ಳುವುದು ಲೇಸು:

1. ಬೀದಿ ವ್ಯಾಪಾರಿಗಳ ಸಮೀಕ್ಷೆಯನ್ನು ಕಾಯಿದೆಯಂತೆ ಸಕಾಲದಲ್ಲಿ ನಡೆಸಿ, ಪ್ರಮಾಣಪತ್ರಗಳನ್ನು ಬೀದಿಯಲ್ಲಿಯೇ ಹಂಚುವುದು.

2. ಪ್ರತಿ ವಾರ್ಡಿನಲ್ಲಿಯೂ ತುರ್ತು ಕಾಲದಲ್ಲಿ ಮಾರುಕಟ್ಟೆಯನ್ನು ಸ್ಥಳಾಂತರಿಸಬಹುದಾದ ಮೈದಾನವನ್ನು ಮೊದಲೇ ಗುರುತಿಸಿ, ನೀರು ಮತ್ತು ಶೌಚಾಲಯದ ಏರ್ಪಾಡು ಮಾಡಿಡುವುದು.

3. ಮುಚ್ಚುವ ಹಾಗೂ ತೆರೆಯುವ ಆಜ್ಞೆಗಳನ್ನು ಸಾಧ್ಯವಾದಷ್ಟು ಮುಂಚಿತವಾಗಿ, ವ್ಯಾಪಾರಿಗಳ ಪ್ರತಿನಿಧಿಗಳೊಡನೆ ಸಮಾಲೋಚಿಸಿ, ಸರಳ ಭಾಷೆಯಲ್ಲಿ ಪ್ರಕಟಿಸುವುದು. ತರಕಾರಿಯವನಿಗೆ ಒಂದು ದಿನದ ಮುನ್ಸೂಚನೆಯಿದ್ದರೆ ಒಂದು ಗಾಡಿಯ ಮಾಲು ಕೊಳೆಯುವುದು ತಪ್ಪುತ್ತದೆ.

4. ಬ್ಯಾಂಕುಗಳೊಡನೆ ಸೇರಿ ವಾರ್ಡು ಮಟ್ಟದಲ್ಲಿ ಸಾಲದ ಶಿಬಿರಗಳನ್ನು ನಡೆಸುವುದು. 2020ರ ಮೇ ತಿಂಗಳಲ್ಲಿ ರಾಜ್ಯದ ಒಂದು ಸಾಲ ಯೋಜನೆಯ ಅರ್ಜಿಗಾಗಿ, ಅಂತರ ಕಾಯ್ದುಕೊಳ್ಳಬೇಕಾದ ದಿನಗಳಲ್ಲಿಯೇ, ಜನರು ಉದ್ದುದ್ದ ಸಾಲುಗಳಲ್ಲಿ ನಿಲ್ಲಬೇಕಾಯಿತೆಂಬುದನ್ನು ಮರೆಯಲಾಗದು.

ಕನ್ನಡಿಗ ಬಂಧುಗಳಿಗೆ

ಚಾಂದ್‌ಖೇಡಾ ಒಂದು ಕಾಲದಲ್ಲಿ ನಗರದ ಹೊರಗಿನ ಊರಾಗಿದ್ದು ಅನಂತರ ಅಹಮದಾಬಾದ್ ಮಹಾನಗರಪಾಲಿಕೆಗೆ ಸೇರಿದ ಪ್ರದೇಶ. ತೈಲ ನಿಗಮದಲ್ಲಿ, ಬ್ಯಾಂಕುಗಳಲ್ಲಿ, ಶಾಲಾ ಕಾಲೇಜುಗಳಲ್ಲಿ ಸಂಬಳ ಪಡೆಯುವ ಕನ್ನಡಿಗರಿಗೆ ಲಾಕ್‌ಡೌನ್ ತೊಂದರೆ ಕೊಟ್ಟಿದ್ದರೂ ತಿಂಗಳ ಸಂಬಳ ಬಹುಮಟ್ಟಿಗೆ ನಿಲ್ಲಲಿಲ್ಲ. ಆದರೆ ಮನೆಯಲ್ಲಿ ಚಕ್ಕುಲಿ, ಸಾರಿನ ಪುಡಿ, ಹೋಳಿಗೆ ಮಾಡಿ ಮಾರುವ ತಾಯಂದಿರು, ಊಟದ ಡಬ್ಬಿ ಒದಗಿಸುವವರು, ದರ್ಜಿಗಳು, ಸಣ್ಣ ಹೋಟೆಲಿನವರು ಎಲ್ಲ ನಗರಗಳ ಕನ್ನಡ ಸಮಾಜದಲ್ಲಿಯೂ ಇದ್ದಾರೆ. ಅವರು ಗಮನಿಸಬೇಕಾದ ಕೆಲವು ಸಂಗತಿಗಳು:

ಅ) ವ್ಯಾಪಾರ ಎಷ್ಟೇ ಚಿಕ್ಕದಾದರೂ ‘ಉದ್ಯಮ್’ ನೋಂದಣಿ ಮಾಡಿಸುವುದು ಹಿತಕರ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಸರ್ಕಾರದ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಬೇಕು. ಪ್ಯಾನ್ ಅಥವಾ ಜಿ.ಎಸ್.ಟಿ. ಇಲ್ಲದ ಅತಿ ಚಿಕ್ಕ ಉದ್ಯಮಗಳಿಗಾಗಿ 2023ರ ಜನವರಿಯಲ್ಲಿ ‘ಉದ್ಯಮ್ ಅಸಿಸ್ಟ್’ ಎಂಬ ವ್ಯವಸ್ಥೆಯೂ ಆರಂಭವಾಗಿದೆ.

ಆ) ಆಹಾರ ಪದಾರ್ಥ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆಯಬೇಕು. ಅದು ಗಿರಾಕಿಗೆ ಭರವಸೆ, ಬ್ಯಾಂಕಿಗೆ ಪುರಾವೆ.

ಇ) ವ್ಯಾಪಾರದ ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ತಿರುಗಿಸಬೇಕು. ಒಂದು ವರ್ಷದ ಖಾತೆಯ ಪಟ್ಟಿ ನೂರು ಮಾತುಗಳಿಗಿಂತ ಹೆಚ್ಚು ನುಡಿಯುತ್ತದೆ.

ಈ) ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಯೋಜನೆ ಇಂದಿಗೂ ಇದೆ. 2025ರ ಆಗಸ್ಟ್‌ನಲ್ಲಿ ಅದನ್ನು ಪರಿಷ್ಕರಿಸಿ, ಸಾಲ ನೀಡುವ ಅವಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಲಾಯಿತು. ಮೊದಲ ಸಾಲ 15,000, ಎರಡನೆಯದು 25,000, ಮೂರನೆಯದು 50,000 ರೂಪಾಯಿಯವರೆಗೆ. ಒಂದನ್ನು ತೀರಿಸಿದವರಿಗೆ ಮುಂದಿನದು.

ಗುಜರಾತಿ ಓದುಬರಹ ಬಲ್ಲ ಕನ್ನಡಿಗರು ಮಾಡಬಹುದಾದ ಸೇವೆಯೊಂದಿದೆ. ಮನೆಯ ಮುಂದೆ ಪ್ರತಿದಿನ ಬರುವ ತರಕಾರಿಯವಳಿಗೆ, ಬಡಾವಣೆಯ ಇಸ್ತ್ರಿಯವನಿಗೆ, ಆತ ಯಾವ ಭಾಷೆಯವನೇ ಆಗಿರಲಿ, ಅರ್ಜಿ ತುಂಬಿಕೊಡುವುದಕ್ಕೆ ಅರ್ಧ ತಾಸು ಸಾಕು. ಕನ್ನಡ ಸಂಘಗಳು ವರ್ಷಕ್ಕೊಂದು ಭಾನುವಾರವನ್ನು ಇದಕ್ಕೆ ಮೀಸಲಿಟ್ಟರೆ, ರಕ್ತದಾನ ಶಿಬಿರದಷ್ಟೇ ಪುಣ್ಯಕರವಾದ ಕೆಲಸವಾದೀತು.

ಉಪಸಂಹಾರ

ಸಾಂಕ್ರಾಮಿಕ ರೋಗದ ಕಾಲದಲ್ಲಿ ನಗರಪಾಲಿಕೆ ಸಣ್ಣ ವ್ಯಾಪಾರಿಗೆ ಕೊಡಬಲ್ಲ ನೆರವುಗಳು ನಾಲ್ಕು: ಆರೋಗ್ಯದ ಭರವಸೆ, ಸ್ಥಳಾವಕಾಶ, ಹೊರೆಯ ಇಳಿತ ಮತ್ತು ದಾಖಲೆ. ಮೊದಲ ಮೂರನ್ನು ರೋಗ ಬಂದ ಮೇಲೆಯೂ ಕೊಡಬಹುದು. ನಾಲ್ಕನೆಯದನ್ನು ರೋಗ ಬರುವ ಮೊದಲೇ ಕೊಟ್ಟಿರಬೇಕು. ಪುಸ್ತಕದಲ್ಲಿ ಹೆಸರಿದ್ದವನನ್ನು ಪರೀಕ್ಷೆಗೆ ಕರೆಯಬಹುದು, ಲಸಿಕೆಗೆ ಕರೆಯಬಹುದು, ಮೈದಾನದಲ್ಲಿ ಜಾಗ ಗೊತ್ತುಮಾಡಬಹುದು, ಬ್ಯಾಂಕಿಗೆ ಕಳುಹಿಸಬಹುದು. ಹೆಸರಿಲ್ಲದವನನ್ನು ಎಬ್ಬಿಸಬಹುದು, ಅಷ್ಟೆ. ಸಾಲದ ಖಾತೆಯಲ್ಲಿ ಹೆಸರು ಬರುವುದಕ್ಕೆ ಮುಂಚೆ ಊರಿನ ಖಾತೆಯಲ್ಲಿ ಹೆಸರು ಬರಬೇಕು. ಇಷ್ಟನ್ನು ಮಾಡಿದ ನಗರಾಡಳಿತವು ಮುಂದಿನ ಸಾಂಕ್ರಾಮಿಕದ ಅರ್ಧ ಔಷಧಿಯನ್ನು ಇಂದೇ ಸಿದ್ಧಪಡಿಸಿಟ್ಟಂತೆ.